ಆರ್‌ಎಕ್ಸ್ 100 ಡ್ರ್ಯಾಗ್ ಓಟದಲ್ಲಿ ಸೀಜ್ ಆದರೆ: ಕಾರಣ ಪತ್ತೆ ಮತ್ತು ಗಟ್ಟಿ ರೀಬಿಲ್ಡ್

ಟ್ಯೂನ್ ಮಾಡಿದ ಯಮಹಾ ಆರ್‌ಎಕ್ಸ್ 100 ಬೈಕ್ ಡ್ರ್ಯಾಗ್ ಓಟದಲ್ಲಿ (ನೇರ ಹಾದಿಯ ಕಿರು ವೇಗದ ಸ್ಪರ್ಧೆ) ಸೀಜ್ ಆದಾಗ, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಂಡು ಕೈಕೊಟ್ಟಾಗ, ಹೆಚ್ಚಿನವರು ಹಿಡಿಯುವ ದಾರಿ ಒಂದೇ. ಬ್ಲಾಕ್ (ಸಿಲಿಂಡರ್) ಬಿಚ್ಚಿ ಲೇತಿಗೆ ಕೊಡುವುದು, 0.25 ಮಿ.ಮೀ ಓವರ್‌ಸೈಜ್ ಪಿಸ್ಟನ್ ಹಾಕಿಸುವುದು, ಮುಂದಿನ ಓಟಕ್ಕೆ ಹೊರಡುವುದು. ಹೊಸ ಪಿಸ್ಟನ್ನೂ ಅದೇ ಗೇರಿನಲ್ಲಿ, ಅದೇ ದೂರದಲ್ಲಿ ಹಿಡಿದುಕೊಳ್ಳುತ್ತದೆ. ಪಿಸ್ಟನ್ ಹಾಳಾಗಿದ್ದು ಪರಿಣಾಮ ಮಾತ್ರ. ಕಾರಣ ಕಾರ್ಬೊರೇಟರಿನಲ್ಲೋ ಆಯಿಲ್ ಸೀಲಿನಲ್ಲೋ ಮ್ಯಾಗ್ನೆಟ್ಟಿನ ಕೀಲಿಯಲ್ಲೋ ಹಾಗೇ ಉಳಿದಿರುತ್ತದೆ. ಒಡೆದ ಎಂಜಿನ್ನಿನಲ್ಲಿ ಆ ಕಾರಣದ ಗುರುತು ಸ್ಪಷ್ಟವಾಗಿ ಉಳಿದಿರುತ್ತದೆ, ಆದರೆ ಬಿಚ್ಚುವ ಮೊದಲು ಮತ್ತು ತೊಳೆಯುವ ಮೊದಲು ನೋಡಿದರೆ ಮಾತ್ರ. ಹಾಗಾಗಿ ಈ ಕೈಪಿಡಿಯ ಅರ್ಧ ಭಾಗ ಸ್ಪ್ಯಾನರ್ ಹಿಡಿಯುವ ಮುಂಚಿನ ಕೆಲಸಕ್ಕೇ ಮೀಸಲು.

ಭಾರತದಲ್ಲಿ 1985ರಿಂದ 1996ರವರೆಗೆ ತಯಾರಾದ ಈ ಎಂಜಿನ್ನಿನ ಬೋರ್ 50 ಮಿ.ಮೀ, ಸ್ಟ್ರೋಕ್ 50 ಮಿ.ಮೀ, ಒಟ್ಟು 98 ಸಿಸಿ. ಗಾಳಿಯಿಂದ ತಣಿಯುವ ಬ್ಲಾಕ್, ಒಳಗೆ ಎರಕದ ಕಬ್ಬಿಣದ ಲೈನರ್, ರೀಡ್ ವಾಲ್ವ್ (ಮಿಶ್ರಣವನ್ನು ಒಳಗೆ ಮಾತ್ರ ಬಿಡುವ ಎಸಳುಗಳ ಕವಾಟ). ಕಂಪನಿಯಿಂದ ಬಂದಾಗ 7,500 ಆರ್‌ಪಿಎಂನಲ್ಲಿ ಸುಮಾರು 11 ಎಚ್‌ಪಿ ಕೊಡುತ್ತಿತ್ತು. ಚೇಂಬರ್ ಸೈಲೆನ್ಸರ್, ದೊಡ್ಡ ಕಾರ್ಬೊರೇಟರ್, ಪೋರ್ಟ್ ಕೆಲಸ (ಬ್ಲಾಕಿನ ಕಿಂಡಿಗಳನ್ನು ಉಜ್ಜಿ ಹಿಗ್ಗಿಸುವುದು) ಸೇರಿಸಿ ಅದನ್ನೇ 10,000ಕ್ಕೂ ಮೇಲೆ ತಿರುಗಿಸಿದಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 16.7 ಮೀಟರ್ ಮುಟ್ಟುತ್ತದೆ. ಆ ವೇಗದಲ್ಲಿ ಸಣ್ಣ ತಪ್ಪಿಗೂ ಮಾಫಿ ಇಲ್ಲ. ಇಲ್ಲಿ ಹೇಳುವುದೆಲ್ಲ ಮುಚ್ಚಿದ ಟ್ರ್ಯಾಕಿನಲ್ಲಿ, ಅನುಮತಿ ಇರುವ ಓಟಕ್ಕೆ ಓಡಿಸುವ ಗಾಡಿಗೆ.

ಟ್ರ್ಯಾಕಿನಲ್ಲೇ ಮಾಡಬೇಕಾದ್ದು

ಸೀಜ್ ಆಗುವ ಒಂದೆರಡು ಸೆಕೆಂಡ್ ಮುಂಚೆ ಸೂಚನೆ ಸಿಗುತ್ತದೆ. ಮೇಲಿನ ಗೇರಿನಲ್ಲಿ ಎಳೆತ ಒಮ್ಮೆಲೇ ಮಂಕಾಗುತ್ತದೆ, ಶಬ್ದ ಒಣಗಿದಂತೆ ಕೇಳುತ್ತದೆ, ಹಿಂದಿನಿಂದ ಯಾರೋ ಹಿಡಿದೆಳೆದ ಹಾಗಾಗುತ್ತದೆ. ಆ ಕ್ಷಣಕ್ಕೆ ಕ್ಲಚ್ ಹಿಡಿಯಬೇಕು. ಹಿಂದಿನ ಚಕ್ರ ಲಾಕ್ ಆದಮೇಲೆ ಹಿಡಿದರೆ ತಡವಾಯಿತು. ಅದಕ್ಕೇ ಪೂರ್ತಿ ಓಟದಲ್ಲಿ ಎಡಗೈಯ ಎರಡು ಬೆರಳು ಕ್ಲಚ್ ಲಿವರ್ ಮೇಲೆಯೇ ಇರಲಿ.

ನಿಂತಮೇಲೆ ಕಿಕ್ ಹೊಡೆಯಬೇಡಿ. ತಣ್ಣಗಾದ ಪಿಸ್ಟನ್ ಬಿಟ್ಟುಕೊಂಡು ಗಾಡಿ ಸ್ಟಾರ್ಟ್ ಆಗುವುದೂ ಉಂಟು, ಆದರೆ ಪ್ರತಿ ಕಿಕ್ಕಿಗೂ ಕರಗಿದ ಅಲ್ಯೂಮಿನಿಯಂ ಬೋರಿನ ಉದ್ದಕ್ಕೂ ಸವರಿಕೊಳ್ಳುತ್ತದೆ, ಪುಡಿ ಕೆಳಗಿಳಿದು ಕನೆಕ್ಟಿಂಗ್ ರಾಡಿನ ಬುಡದ ಬಿಗ್ ಎಂಡ್ ಬೇರಿಂಗಿಗೆ ಸೇರುತ್ತದೆ. ಪೆಟ್ರೋಲ್ ಕಾಕ್ ಮುಚ್ಚಿ. ಕಾರ್ಬೊರೇಟರ್ ತಿರುಪುಗಳನ್ನು ಮುಟ್ಟಬೇಡಿ, ಅದರ ಫ್ಲೋಟ್ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ಖಾಲಿ ಮಾಡಬೇಡಿ. ಯಾವ ಗೇರ್, ಎಷ್ಟು ಆರ್‌ಪಿಎಂ, ಓಟದ ಯಾವ ಹಂತ, ಥ್ರಾಟಲ್ ತೆರೆದಿತ್ತೋ ಮುಚ್ಚಿತ್ತೋ ಎಂಬುದನ್ನು ಬರೆದಿಟ್ಟುಕೊಳ್ಳಿ. ಈ ನಾಲ್ಕು ಮಾಹಿತಿ ಮುಂದೆ ಅರ್ಧ ಉತ್ತರ ಕೊಡುತ್ತವೆ.

ಎಂಜಿನ್ ಆರಿದಮೇಲೆ ಪ್ಲಗ್ ತೆಗೆದು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿಗಿಂತ ಸಣ್ಣ, ಹೊಳೆಯುವ ಬೂದು ಚುಕ್ಕೆಗಳಿದ್ದರೆ ಅದು ಪಿಸ್ಟನ್ನಿನಿಂದ ಹಾರಿಬಂದ ಅಲ್ಯೂಮಿನಿಯಂ. ಅಂದರೆ ನಾಕಿಂಗ್ (ಮಿಶ್ರಣ ಸಮನಾಗಿ ಉರಿಯದೆ ಸಿಡಿಯುವುದು) ಆಗಿದೆ. ಎಲೆಕ್ಟ್ರೋಡ್ ತುದಿ ಕರಗಿ ದುಂಡಾಗಿದ್ದರೆ ಕಿಡಿ ಬರುವ ಮುಂಚೆಯೇ ಮಿಶ್ರಣ ಹೊತ್ತಿಕೊಂಡಿದೆ. ಪ್ಲಗ್ ತುಂಬ ಬಿಸಿ ವರ್ಗದ್ದಿರಬಹುದು. ಪಿಂಗಾಣಿ ಬರೀ ಬೆಳ್ಳಗಿದ್ದರೆ ಲೀನ್ (ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ತೆಳುವಾಗಿರುವುದು) ಅನ್ನುವ ಶಂಕೆ ಇಟ್ಟುಕೊಳ್ಳಿ, ತೀರ್ಮಾನ ಬೇಡ. ಓಟದ ನಡುವೆ ಎಂಜಿನ್ ಕತ್ತರಿಸದೆ ನಿಧಾನವಾಗಿ ನಿಲ್ಲಿಸಿದ ಗಾಡಿಯ ಪ್ಲಗ್ ಬಣ್ಣ ಐಡಲಿಂಗಿನ ಕಥೆಯನ್ನಷ್ಟೇ ಹೇಳುತ್ತದೆ.

ಬಿಚ್ಚುವ ಮುಂಚಿನ ಪರೀಕ್ಷೆಗಳು

ಮೊದಲು ಪೆಟ್ರೋಲ್ ಹರಿವು. 20 ಎಚ್‌ಪಿ ಕೊಡುವ ಟೂ-ಸ್ಟ್ರೋಕ್ ಪೂರ್ತಿ ಥ್ರಾಟಲಿನಲ್ಲಿ ನಿಮಿಷಕ್ಕೆ ಸುಮಾರು 150 ಮಿ.ಲೀ ಪೆಟ್ರೋಲ್ ಕುಡಿಯುತ್ತದೆ, ಅಂದರೆ ಸೆಕೆಂಡಿಗೆ 2.5 ಮಿ.ಲೀ. ಅರ್ಧ ಕಟ್ಟಿಕೊಂಡ ಕಾಕ್ ನಿಮಿಷಕ್ಕೆ 100 ಮಿ.ಲೀ ಮಾತ್ರ ಕೊಟ್ಟರೆ 15 ಸೆಕೆಂಡಿನ ಓಟದಲ್ಲಿ ಬೌಲಿನಿಂದ 12 ಮಿ.ಲೀಗೂ ಹೆಚ್ಚು ಖಾಲಿಯಾಗುತ್ತದೆ. ಫ್ಲೋಟ್ ಮಟ್ಟ ಇಳಿಯುತ್ತಾ ಹೋಗಿ, ಎಂಜಿನ್ ಅತಿ ಬಿಸಿಯಾಗಿರುವ ಕೊನೆಯ ನೂರು ಮೀಟರಿನಲ್ಲೇ ಮಿಶ್ರಣ ತೆಳುವಾಗುತ್ತದೆ. ಸ್ಟ್ಯಾಂಡಿನಲ್ಲಿ, ಊರೊಳಗಿನ ರಸ್ತೆಯಲ್ಲಿ ಈ ದೋಷ ಕಾಣಿಸುವುದೇ ಇಲ್ಲ. ಪೈಪನ್ನು ಕಾರ್ಬೊರೇಟರ್ ಕಡೆ ಬಿಚ್ಚಿ ಅಳತೆ ಪಾತ್ರೆಗೆ ಬಿಡಿ, ಟ್ಯಾಂಕ್ ಮುಚ್ಚಳ ಹಾಕಿಯೇ ಇರಲಿ. ನಿಮಿಷಕ್ಕೆ 300 ಮಿ.ಲೀ ಬರಬೇಕು. ಬರದಿದ್ದರೆ ಮುಚ್ಚಳ ತೆಗೆದು ಇನ್ನೊಮ್ಮೆ ಅಳೆಯಿರಿ. ಆಗ ಹರಿವು ಹೆಚ್ಚಿದರೆ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ. ಹೆಚ್ಚದಿದ್ದರೆ ಕಾಕಿನ ಜಾಲರಿ, ಪೈಪ್, ಆಮೇಲೆ ಕಾರ್ಬೊರೇಟರಿನ ನೀಡಲ್ ವಾಲ್ವ್ ರಂಧ್ರ. 28 ಮಿ.ಮೀ ಕಾರ್ಬೊರೇಟರ್ ಹಾಕಿ ಹಳೆಯ ಕಾಕನ್ನೇ ಉಳಿಸಿಕೊಂಡ ಗಾಡಿಗಳಲ್ಲಿ ಇದನ್ನೇ ಮೊದಲು ಅನುಮಾನಿಸಬೇಕು.

ಎರಡನೆಯದು ಪೆಟ್ರೋಲ್ ಯಾವುದು ಎಂಬುದು. ಶೇ. 20 ಎಥನಾಲ್ ಬೆರೆತ ಇ20 ಈಗ ಬಂಕುಗಳಲ್ಲಿ ಸಾಮಾನ್ಯ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಪಾಲು ಸಾಕು. ಎಥನಾಲ್ ಇಲ್ಲದ ಪೆಟ್ರೋಲಿಗೆ ಜೆಟ್ (ಪೆಟ್ರೋಲ್ ಹರಿವನ್ನು ನಿಗದಿ ಮಾಡುವ ಕಾರ್ಬೊರೇಟರಿನ ರಂಧ್ರದ ತುಣುಕು) ಹೊಂದಿಸಿದ ಗಾಡಿ ಇ20 ಕುಡಿದರೆ ಏನೂ ಮುಟ್ಟದೆಯೇ ಶೇ. 8–9 ಲೀನ್ ಆಗುತ್ತದೆ. ಎಥನಾಲ್ ಎಷ್ಟಿದೆ ಎಂದು ಮನೆಯಲ್ಲೇ ಅಳೆಯಬಹುದು. ಬೆಂಕಿಯಿಂದ ದೂರ, ಬಯಲಿನಲ್ಲಿ, 2ಟಿ (ಟೂ-ಸ್ಟ್ರೋಕ್) ಆಯಿಲ್ ಬೆರೆಸದ 90 ಮಿ.ಲೀ ಪೆಟ್ರೋಲಿಗೆ 10 ಮಿ.ಲೀ ನೀರು ಹಾಕಿ ಅಳತೆಯ ಗಾಜಿನ ನಳಿಗೆಯಲ್ಲಿ ಕುಲುಕಿ ಬಿಡಿ. ಎಥನಾಲ್ ನೀರಿನ ಜೊತೆ ಕೆಳಗಿಳಿಯುತ್ತದೆ. ಕೆಳಪದರ 10ರಿಂದ 28 ಮಿ.ಲೀಗೆ ಏರಿದರೆ 18 ಮಿ.ಲೀ ಎಥನಾಲ್ ಇತ್ತು, ಅಂದರೆ ಶೇ. 20. ಆ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಸುರಿಯಬೇಡಿ.

ಮೂರನೆಯದು ಊರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಶಿಪ್ ನಡೆಯುವ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಶೇ. 11ರಷ್ಟು ಹೆಚ್ಚು. ಗಾಳಿ ಎಷ್ಟು ದಟ್ಟವಾದರೂ ಕಾರ್ಬೊರೇಟರ್ ಪೆಟ್ರೋಲನ್ನು ಅದೇ ಪ್ರಮಾಣದಲ್ಲಿ ಏರಿಸುವುದಿಲ್ಲ. ಆ ವ್ಯತ್ಯಾಸದ ಅರ್ಧದಷ್ಟು, ಅಂದರೆ ಶೇ. 5ರಷ್ಟು, ಮಿಶ್ರಣ ತೆಳುವಾಗುತ್ತದೆ. ಅಲ್ಲಿಯ ಸೆಖೆ ಗಾಳಿಯನ್ನು ಸ್ವಲ್ಪ ಹಗುರ ಮಾಡುವುದು ನಿಜ, ಆದರೆ ಬೆಳಗಿನ ತಂಪು ಹೊತ್ತಿನ ಓಟಕ್ಕೆ ಆ ರಿಯಾಯಿತಿ ಸಿಗುವುದಿಲ್ಲ. ಬೆಂಗಳೂರಿನಲ್ಲಿ 150 ನಂಬರಿನ ಮಿಕುನಿ ಮೇನ್ ಜೆಟ್ ಸರಿಹೋಗಿದ್ದರೆ ಅಲ್ಲಿಗೆ 160ರಿಂದ ಶುರುಮಾಡಿ. ಮಂಗಳೂರಿನ ಕಡೆ ಹೋದರೂ ಇದೇ ಲೆಕ್ಕ. ಒಂದು ಎಚ್ಚರಿಕೆ: ಮಿಕುನಿಯ ಆರುಮೂಲೆ ಜೆಟ್ಟಿನ ನಂಬರ್ ಹರಿವಿನ ಪ್ರಮಾಣ, ಕೀಹಿನ್ ಜೆಟ್ಟಿನ ನಂಬರ್ ರಂಧ್ರದ ವ್ಯಾಸ. ಶೇ. 8 ಹೆಚ್ಚು ಪೆಟ್ರೋಲ್ ಬೇಕಾದರೆ ಮಿಕುನಿಯಲ್ಲಿ ನಂಬರ್ ಶೇ. 8 ಏರಬೇಕು, ಕೀಹಿನ್‌ನಲ್ಲಿ ಶೇ. 4 ಸಾಕು.

ನಾಲ್ಕನೆಯದು ಲೀಕ್ ಪರೀಕ್ಷೆ. ಇದನ್ನು ಬಿಟ್ಟು ಎಂಜಿನ್ ಬಿಚ್ಚಿದರೆ ಸಾಕ್ಷ್ಯವನ್ನು ಕೈಯಾರೆ ಅಳಿಸಿದಂತೆ, ಯಾಕೆಂದರೆ ಬಿಚ್ಚಿದಮೇಲೆ ಯಾವ ಜಾಯಿಂಟ್ ಗಾಳಿ ಎಳೆಯುತ್ತಿತ್ತು ಎಂದು ತಿಳಿಯಲು ದಾರಿಯೇ ಇಲ್ಲ. ಅದಕ್ಕೆ ದುಬಾರಿ ಸಾಧನ ಬೇಡ. ಹಳೆಯ ಬಿಪಿ ಅಳೆಯುವ ಉಪಕರಣದ ರಬ್ಬರ್ ಬುರುಡೆ ಮತ್ತು ಗೇಜ್ ಸಾಕು. ಅದರ ಗರಿಷ್ಠ ಅಂಕ 300 (ಪಾದರಸದ ಮಿ.ಮೀ), ನಮಗೆ ಬೇಕಾದ 0.4 ಬಾರ್ ಒತ್ತಡವೂ ಸರಿಯಾಗಿ ಅಷ್ಟೇ. ಎಕ್ಸಾಸ್ಟ್ ಪೋರ್ಟನ್ನು ಟ್ಯೂಬಿನ ರಬ್ಬರ್ ಮತ್ತು ತಗಡಿನಿಂದ ಬಿಗಿಯಾಗಿ ಮುಚ್ಚಿ, ಪ್ಲಗ್ ಹಾಕಿ, ಕಾರ್ಬೊರೇಟರ್ ತೆಗೆದ ಜಾಗದಲ್ಲಿ ಪೈಪ್ ತೂರಿಸಿದ ರಬ್ಬರ್ ಬಿರಟೆ ಸಿಕ್ಕಿಸಿ ಕ್ಲಿಪ್ ಹಾಕಿ. ಗಾಳಿಯನ್ನು ಇಂಟೇಕ್ ಕಡೆಯಿಂದಲೇ ತುಂಬಬೇಕು. ಪ್ಲಗ್ ರಂಧ್ರದಿಂದ ತುಂಬಿದರೆ ರೀಡ್ ವಾಲ್ವ್ ಮುಚ್ಚಿಕೊಂಡು, ಹೆಚ್ಚಾಗಿ ಬಿರುಕು ಬಿಡುವ ಮ್ಯಾನಿಫೋಲ್ಡ್ ರಬ್ಬರ್ ಪರೀಕ್ಷೆಗೇ ಒಳಪಡುವುದಿಲ್ಲ.

300ಕ್ಕೆ ಏರಿಸಿ ಐದು ನಿಮಿಷ ಕಾಯಿರಿ. ನಿಮಿಷಕ್ಕೆ 50ಕ್ಕಿಂತ ಹೆಚ್ಚು ಇಳಿದರೆ ಸೋರಿಕೆ ಇದೆ. ಸೋಪಿನ ನೀರು ಹಚ್ಚುತ್ತಾ ಹೋಗಿ: ಮ್ಯಾನಿಫೋಲ್ಡ್, ಬ್ಲಾಕಿನ ಬುಡದ ಗ್ಯಾಸ್ಕೆಟ್, ಹೆಡ್, ಕೇಸಿನ ನಡು ಜಾಯಿಂಟ್. ಎಡಗಡೆ ಮ್ಯಾಗ್ನೆಟ್ ಕವರ್ ತೆಗೆದು ಕ್ರ್ಯಾಂಕ್ ಸೀಲಿನ ಅಂಚು ನೋಡಿ. ಅಲ್ಲಿ ಗುಳ್ಳೆ ಬಂದರೆ ಸೀಜಿನ ಕಾರಣ ಬಹುಪಾಲು ಸಿಕ್ಕಿತು, ಆ ಸೀಲ್ ಹೊರಗಿನ ಗಾಳಿಯನ್ನು ನೇರ ಒಳಗೆಳೆಯುತ್ತಿತ್ತು. ಬಲಗಡೆಯ ಸೀಲ್ ಸೋರಿದರೆ ಗುಳ್ಳೆ ಗೇರ್ ಆಯಿಲ್ ತುಂಬುವ ರಂಧ್ರದಲ್ಲಿ ಕಾಣುತ್ತದೆ. ಅಂಥ ಗಾಡಿ ಗೇರ್ ಆಯಿಲನ್ನೇ ಎಳೆದು ಸುಡುತ್ತದೆ, ಬಿಳಿ ಹೊಗೆ ಬಿಡುತ್ತದೆ, ಆಯಿಲ್ ಮಟ್ಟ ಇಳಿಯುತ್ತದೆ, ಸುಡುವ ಆಯಿಲ್ ಪೆಟ್ರೋಲಿನ ಆಕ್ಟೇನ್ ಇಳಿಸಿ ನಾಕಿಂಗಿಗೆ ದಾರಿ ಮಾಡುತ್ತದೆ. ಪಿಸ್ಟನ್ ನಡುವೆ ಸಿಕ್ಕಿಕೊಂಡು ಪೋರ್ಟ್ ಮುಚ್ಚಿದ್ದರೆ ಹೆಡ್ ಕಡೆಯ ಫಲಿತಾಂಶವನ್ನು ನಂಬಬೇಡಿ, ಅದನ್ನು ರೀಬಿಲ್ಡ್ ಆದಮೇಲೆ ಇನ್ನೊಮ್ಮೆ ಮಾಡಿ.

ಕವರ್ ತೆಗೆದಿರುವಾಗಲೇ ಮ್ಯಾಗ್ನೆಟ್ ಎಳೆದು ಅರ್ಧಚಂದ್ರದ ಕೀಲಿ ನೋಡಿ. ಅರ್ಧ ಕತ್ತರಿಸಿದ ಕೀಲಿಯಿಂದ ಟೈಮಿಂಗ್ ಕೆಲವು ಡಿಗ್ರಿ ಸರಿದಿರುತ್ತದೆ. ಮುಂದಕ್ಕೆ ಸರಿದರೆ ಗಾಡಿ ಕೆಲ ದಿನ ಚುರುಕಾಗಿ ಓಡುತ್ತದೆ, ಆಮೇಲೆ ಪಿಸ್ಟನ್ ತೂತು ಬೀಳುತ್ತದೆ.

ಪಿಸ್ಟನ್ ಓದುವುದು

ಹೆಡ್ ಮತ್ತು ಬ್ಲಾಕ್ ಬಿಚ್ಚಿದಮೇಲೆ ಪಿಸ್ಟನ್ನನ್ನು ಒರೆಸಬೇಡಿ. ಎಕ್ಸಾಸ್ಟ್ ಕಡೆ ಯಾವುದು ಎಂದು ಮಾರ್ಕರಿನಲ್ಲಿ ಗುರುತು ಹಾಕಿ, ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದಿಟ್ಟುಕೊಳ್ಳಿ.

ಗೀರು ಎಕ್ಸಾಸ್ಟ್ ಕಡೆ ಮಾತ್ರ, ಮೇಲಿನಿಂದ ಕೆಳಕ್ಕೆ ಎಳೆದಿದ್ದರೆ: ಅತಿ ಶಾಖ. ಲೀನ್ ಮಿಶ್ರಣ, ಗಾಳಿ ಸೋರಿಕೆ, ಚೇಂಬರಿನ ಬಾಲದ ಪೈಪ್ ಕಿರಿದಾಗಿರುವುದು ಅಥವಾ ಕಾರ್ಬನ್ ಕಟ್ಟಿರುವುದು. ಪಿಸ್ಟನ್ನಿನ ಈ ಬದಿ ಸದಾ ಬಿಸಿ, ಎಣ್ಣೆಯ ಪೊರೆ ಮೊದಲು ಹರಿಯುವುದೂ ಇಲ್ಲೇ. ಡ್ರ್ಯಾಗ್ ಗಾಡಿಗಳಲ್ಲಿ ಅತಿ ಹೆಚ್ಚು ಕಾಣುವುದು ಇದು.

ಗಜನ್ ಪಿನ್ನಿನ (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್) ಎರಡೂ ಬದಿಗೆ, ಒಟ್ಟು ನಾಲ್ಕು ಕಡೆ ಉದ್ದುದ್ದ ಕಲೆಗಳಿದ್ದರೆ: ಪಿಸ್ಟನ್ ಹಿಗ್ಗಿದಷ್ಟು ಬೇಗ ಬ್ಲಾಕ್ ಹಿಗ್ಗಲಿಲ್ಲ. ತಣ್ಣಗಿರುವ ಎಂಜಿನ್ನನ್ನು ಸಾಲಿನಲ್ಲಿ ನಿಲ್ಲಿಸಿ ಒಮ್ಮೆಲೇ ಥ್ರಾಟಲ್ ಕೊಟ್ಟಿದ್ದು, ಇಲ್ಲವೇ ಬೋರ್ ಕ್ಲಿಯರೆನ್ಸ್ ಕಡಿಮೆ ಇಟ್ಟಿದ್ದು. ಇದಕ್ಕೆ ಜೆಟ್ ಬದಲಿಸಿ ಪ್ರಯೋಜನವಿಲ್ಲ.

ಇಂಟೇಕ್ ಕಡೆಯ ಸ್ಕರ್ಟ್ (ಪಿಸ್ಟನ್ನಿನ ಕೆಳಭಾಗದ ಮೈ) ಮಾಸಲು ಬೂದು ಬಣ್ಣಕ್ಕೆ ತಿರುಗಿ ಸವೆದಿದ್ದರೆ: ಧೂಳು ಅಥವಾ ಎಣ್ಣೆಯ ಕೊರತೆ. ಏರ್ ಫಿಲ್ಟರ್ ಇಲ್ಲದೆ ಓಡಿಸಿದ ಗಾಡಿಗೆ ಇದು ತಪ್ಪಿದ್ದಲ್ಲ.

ಪಿಸ್ಟನ್ ತಲೆಯ ಅಂಚು ಮರಳು ಉಜ್ಜಿದಂತೆ ಕೊರೆದಿದ್ದರೆ, ಹೆಡ್ಡಿನ ಅಂಚಿನಲ್ಲೂ ಅದೇ ಗುರುತಿದ್ದರೆ: ನಾಕಿಂಗ್. ಕಂಪ್ರೆಷನ್ ಹೆಚ್ಚು, ಟೈಮಿಂಗ್ ಮುಂದೆ, ಆಕ್ಟೇನ್ ಸಾಲದು, ಅಥವಾ ಲೀನ್. ಇವುಗಳಲ್ಲಿ ಒಂದೋ ಎರಡೋ. ನಟ್ಟನಡುವೆ ತೂತು ಬಿದ್ದು ಅಂಚು ಕರಗಿ ನಯವಾಗಿದ್ದರೆ ಮುಂಚಿತ ಹೊತ್ತುವಿಕೆ. ಪ್ಲಗ್ ವರ್ಗವನ್ನು ತಣ್ಣಗಿನ ಕಡೆಗೆ ಬದಲಿಸಬೇಕು, ಹೆಡ್ಡಿನಲ್ಲಿ ಚೂಪಾದ ಅಂಚು ಅಥವಾ ಕೆಂಡವಾಗುವ ಕಾರ್ಬನ್ ಇದೆಯೇ ನೋಡಬೇಕು. ಪಿಸ್ಟನ್ ತಿರುಗಿಸಿ ತಲೆಯ ಒಳಗಡೆ ನೋಡಿ. ಅಲ್ಲಿ ಎಣ್ಣೆ ಸುಟ್ಟು ಕಪ್ಪು ಕಲೆ ಕಟ್ಟಿದ್ದರೆ ಪಿಸ್ಟನ್ ಬಹಳ ಓಟಗಳಿಂದಲೇ ಮಿತಿಮೀರಿ ಕಾಯುತ್ತಿತ್ತು.

ರಿಂಗಿನ ತುದಿ ಮುರಿದು ತುಂಡು ಮೇಲೆ ಜಜ್ಜಿಕೊಂಡಿದ್ದರೆ ಪೋರ್ಟ್ ಕೆಲಸದ ದೋಷ. ಒಂದೇ ಕಿಂಡಿಯ ಎಕ್ಸಾಸ್ಟ್ ಪೋರ್ಟಿನ ಅಗಲ ಬೋರಿನ ಶೇ. 70 ಮೀರಿದರೆ, ಅಂದರೆ ಇಲ್ಲಿ 35 ಮಿ.ಮೀ ದಾಟಿದರೆ, ರಿಂಗ್ ಕಿಂಡಿಯೊಳಗೆ ಉಬ್ಬಿ ಅಂಚಿಗೆ ಸಿಕ್ಕುತ್ತದೆ. 32–33 ಮಿ.ಮೀಗೆ ನಿಲ್ಲಿಸಿ, ಮೇಲಿನ ಅಂಚನ್ನು ಕಮಾನಾಗಿಯೇ ಉಳಿಸಿಕೊಂಡವರ ರಿಂಗ್ ಬಾಳುತ್ತದೆ. ಬೋರಿನ ಎಡಬಲಕ್ಕೆ ಪಿನ್ನಿನ ಎದುರು ಆಳವಾದ ಒಂದೇ ಗೀರು ಇದ್ದರೆ ಪಿನ್ ಲಾಕ್ ಎದ್ದುಬಂದಿದೆ. ಹಳೆಯ ಲಾಕನ್ನೇ ಮತ್ತೆ ಹಾಕಿದ್ದರ ಫಲ.

ಥ್ರಾಟಲ್ ಮುಚ್ಚಿದಮೇಲೆ, ಓಟದ ಅಂತಿಮ ಗೆರೆ ದಾಟಿ ಸೀಜ್ ಆಗಿದ್ದರೆ ಲೆಕ್ಕವೇ ಬೇರೆ. ಅದನ್ನು ಕೊನೆಯಲ್ಲಿ ಹೇಳಿದೆ.

ಕೆಳಗಿನ ಭಾಗ: ಎಲ್ಲರೂ ಬಿಡುವುದು ಇದನ್ನೇ

ಪೂರ್ತಿ ವೇಗದಲ್ಲಿ ಪಿಸ್ಟನ್ ಹಿಡಿದಾಗ ಕ್ರ್ಯಾಂಕಿನ ಎರಡು ಚಕ್ರಗಳು ಒತ್ತಿ ಕೂರಿಸಿದ ಪಿನ್ನಿನ ಮೇಲೆ ತಿರುಚಿಕೊಳ್ಳುತ್ತವೆ. ಹೊರಗಿನಿಂದ ಕಾಣುವುದಿಲ್ಲ. ಹಾಗೇ ಜೋಡಿಸಿದರೆ ಎಂಜಿನ್ ನಡುಗುತ್ತದೆ, ಕ್ರ್ಯಾಂಕ್ ಸೀಲಿನ ತುಟಿ ಬೇಗ ಸವೆಯುತ್ತದೆ, ಆ ಸೀಲಿನಿಂದ ಗಾಳಿ ಸೇರಿ ಮತ್ತೆ ಲೀನ್, ಮತ್ತೆ ಸೀಜ್. ಜೋರಾಗಿ ಸೀಜ್ ಆದ ಎಂಜಿನ್ನಿನ ಕೇಸ್ ಬಿಡಿಸಿ ಕ್ರ್ಯಾಂಕನ್ನು ವಿ-ಬ್ಲಾಕ್ ಮೇಲಿಟ್ಟು ಡಯಲ್ ಗೇಜಿನಲ್ಲಿ ನೋಡಲೇಬೇಕು. ಎರಡೂ ತುದಿಯಲ್ಲಿ ರನೌಟ್ (ತಿರುಗಿಸಿದಾಗಿನ ಓಲಾಟ) 0.03 ಮಿ.ಮೀ ಒಳಗಿರಲಿ. ಸೀಮೆಎಣ್ಣೆಯಲ್ಲಿ ಜಾಲಾಡಿಸಿದರೆ ಬಿಗ್ ಎಂಡಿನ ಸೂಜಿಗಳ ನಡುವೆ ಕೂತ ಅಲ್ಯೂಮಿನಿಯಂ ಹೋಗುತ್ತದೆ ಎಂದು ನಂಬಬೇಡಿ.

ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದಾಗ ಒಂದಿಷ್ಟೂ ಆಟ ಇರಬಾರದು. ಪಕ್ಕಕ್ಕೆ ಆಟ ಇರಲೇಬೇಕು. ಅದನ್ನು ಫೀಲರ್ ಗೇಜಿನಲ್ಲಿ ಅಳೆದು ಮ್ಯಾನ್ಯುಯಲ್ ಮಿತಿಗೆ ಹೋಲಿಸಿ. ರಾಡಿನ ಬುಡ ನೀಲಿಗಟ್ಟಿದ್ದರೆ ಎಣ್ಣೆ ತಲುಪಿಲ್ಲ, ಇಡೀ ರಾಡ್ ಕಿಟ್ ಬದಲಾಗಬೇಕು. ರೀಡ್ ವಾಲ್ವಿನ ಎಸಳುಗಳನ್ನು ಬೆಳಕಿಗೆ ಹಿಡಿದು ತುದಿ ಸೀಳಿದೆಯೇ ನೋಡಿ. ಹಳೆಯ ಉಕ್ಕಿನ ಎಸಳು ಮುರಿದರೆ ತುಂಡು ನೇರ ಎಂಜಿನ್ನಿಗೆ ಹೋಗುತ್ತದೆ. ಡ್ರ್ಯಾಗಿಗೆ ಫೈಬರ್ ಎಸಳೇ ಮೇಲು.

ಗಟ್ಟಿಯಾಗಿ ಕಟ್ಟುವುದು

ಕ್ರ್ಯಾಂಕ್: ಹೊಸ ರಾಡ್ ಕಿಟ್ ಒತ್ತಿಸಿ, ಚಕ್ರಗಳನ್ನು ಸರಿಗಟ್ಟಿದಮೇಲೆ ಪಿನ್ನಿನ ಎರಡೂ ತುದಿಗೆ ಟಿಗ್ ವೆಲ್ಡಿಂಗಿನಲ್ಲಿ ಸಣ್ಣ ಟ್ಯಾಕ್ ಹಾಕಿಸಿದರೆ ಮುಂದೆ ತಿರುಚುವುದಿಲ್ಲ. ಸುತ್ತಲೂ ವೆಲ್ಡ್ ಬೇಡ, ಶಾಖಕ್ಕೆ ಬಿಗ್ ಎಂಡ್ ಬೇರಿಂಗ್ ಹಾಳಾಗುತ್ತದೆ. ವೆಲ್ಡಾದಮೇಲೆ ಡಯಲ್ ಗೇಜಿನಲ್ಲಿ ಇನ್ನೊಮ್ಮೆ ನೋಡಿ. ಮುಂದಿನ ಸಲ ರಾಡ್ ಬದಲಿಸುವುದು ಕಷ್ಟವಾಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಮಾಡಿಸಬೇಕು. ಮುಖ್ಯ ಬೇರಿಂಗುಗಳು ಸಿ3 (ಸಾಮಾನ್ಯಕ್ಕಿಂತ ಸಡಿಲ) ಕ್ಲಿಯರೆನ್ಸಿನವಿರಲಿ. ಸೀಲುಗಳು ವೈಟಾನ್ ರಬ್ಬರಿನವಿರಲಿ, ಸಾಮಾನ್ಯ ರಬ್ಬರಿಗಿಂತ ಎಥನಾಲ್ ಮತ್ತು ಶಾಖ ಎರಡನ್ನೂ ಅವು ಹೆಚ್ಚು ತಡೆಯುತ್ತವೆ.

ಬೋರ್: ಗೀರು ಆಳವೇ, ಮೇಲೆ ಅಂಟಿದ ಅಲ್ಯೂಮಿನಿಯಮ್ಮೇ ಎಂದು ತಿಳಿಯಲು ಹತ್ತಿಕಡ್ಡಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಹಚ್ಚಿ. ಕೈಗವಸು, ಕನ್ನಡಕ ಕಡ್ಡಾಯ, ಬಯಲಿನಲ್ಲೇ ಮಾಡಬೇಕು. ಆಮ್ಲ ಅಲ್ಯೂಮಿನಿಯಂ ತಿನ್ನುತ್ತಾ ನೊರೆಗಟ್ಟುತ್ತದೆ. ನೊರೆ ನಿಂತಾಗ ಅಂಟಿದ್ದು ಮುಗಿದಿದೆ. ಲೈನರಿನ ಹೊರಗಿನ ಬ್ಲಾಕೂ ಅಲ್ಯೂಮಿನಿಯಮ್ಮೇ, ಪೋರ್ಟಿನೊಳಗೆ ಒಂದು ಹನಿಯೂ ಹರಿಯಬಾರದು. ಕೂಡಲೇ ನೀರಿನಲ್ಲಿ ತೊಳೆದು ಎಣ್ಣೆ ಸವರಿ. ಉಗುರಿಗೆ ಗೀರು ಸಿಗದಿದ್ದರೆ ಹೋನಿಂಗ್ ಸಾಕು. ಸಿಕ್ಕಿದರೆ ರೀಬೋರ್.

ರೀಬೋರಿಗೆ ಹೋಗುವಾಗ ಪಿಸ್ಟನ್ ಕೈಯಲ್ಲಿರಬೇಕು. "0.25 ಹೊಡೆದುಕೊಡಿ" ಎಂದು ಬರೀ ಬ್ಲಾಕ್ ಕೊಟ್ಟು ಬಂದರೆ ಕೆಲಸ ಕೆಟ್ಟಂತೆ. ಪಿಸ್ಟನ್ನನ್ನು ಸ್ಕರ್ಟಿನ ಬುಡದಿಂದ 10 ಮಿ.ಮೀ ಮೇಲೆ, ಪಿನ್ನಿಗೆ ಅಡ್ಡಲಾಗಿ ಮೈಕ್ರೋಮೀಟರಿನಲ್ಲಿ ಅಳೆದು, ಎರಕದ ಪಿಸ್ಟನ್ನಿಗೆ 0.045ರಿಂದ 0.05 ಮಿ.ಮೀ, ಫೋರ್ಜ್ಡ್ ಪಿಸ್ಟನ್ನಿಗೆ 0.06ರಿಂದ 0.07 ಮಿ.ಮೀ ಕ್ಲಿಯರೆನ್ಸ್ ಬರುವಂತೆ ಬೋರ್ ಮಾಡಿಸಿ. ಪಿಸ್ಟನ್ ತಯಾರಕರ ಹಾಳೆ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಬೀದಿ ಗಾಡಿಯ ಬಿಗಿ ಕ್ಲಿಯರೆನ್ಸನ್ನು ಇಲ್ಲಿ ಕೇಳಬೇಡಿ. ತಣ್ಣಗಿರುವಾಗ ಒಂದಿಷ್ಟು ಟಕಟಕ ಶಬ್ದ ಬಂದರೂ ಪರವಾಗಿಲ್ಲ. ಹೋನಿಂಗ್ ಆದಮೇಲೆ ಪ್ರತಿ ಪೋರ್ಟಿನ ಅಂಚನ್ನು ಸುಮಾರು 0.5 ಮಿ.ಮೀ ದುಂಡಾಗಿ ಉಜ್ಜಬೇಕು. ಎಷ್ಟೋ ಹೊಸ ರಿಂಗುಗಳು ಈ ಐದು ನಿಮಿಷದ ಕೆಲಸ ಬಿಟ್ಟಿದ್ದಕ್ಕೇ ಮುರಿಯುತ್ತವೆ. ಬಿಸಿನೀರು, ಸೋಪು, ಬ್ರಷ್ ಹಾಕಿ ತೊಳೆಯಿರಿ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೂದು ಬಣ್ಣ ಬರುವುದು ನಿಲ್ಲುವವರೆಗೆ ತೊಳೆಯುತ್ತಲೇ ಇರಬೇಕು.

ರಿಂಗನ್ನು ಬೋರಿನಲ್ಲಿ 20 ಮಿ.ಮೀ ಕೆಳಗೆ, ಪಿಸ್ಟನ್ ತಲೆಯಿಂದಲೇ ಸಮನಾಗಿ ತಳ್ಳಿ ಗ್ಯಾಪ್ ಅಳೆಯಿರಿ. 0.2ರಿಂದ 0.3 ಮಿ.ಮೀ ಇರಲಿ. 0.2ಕ್ಕಿಂತ ಕಡಿಮೆ ಇದ್ದರೆ ಬಿಸಿಯಾದಾಗ ತುದಿಗಳು ಒಂದಕ್ಕೊಂದು ತಾಗಿ ರಿಂಗ್ ಬೋರನ್ನು ಕೆರೆಯುತ್ತದೆ. ಪಿಸ್ಟನ್ ಬಾಣ ಎಕ್ಸಾಸ್ಟ್ ಕಡೆಗೆ. ಪಿನ್ ಲಾಕ್ ಹೊಸದು, ಅದರ ಬಾಯಿ ಮೇಲಕ್ಕೋ ಕೆಳಕ್ಕೋ ಇರಲಿ, ಪಕ್ಕಕ್ಕೆ ಬೇಡ.

ಹೆಡ್: ಕಂಪ್ರೆಷನ್ನನ್ನು ಅಂದಾಜಿನಲ್ಲಿ ಏರಿಸಿದ್ದೇ ಬಹಳ ಪಿಸ್ಟನ್ನುಗಳ ಸಾವಿಗೆ ಮೂಲ. ಬೋರ್ 50.25 ಆದಾಗ ಎಂಜಿನ್ 99.2 ಸಿಸಿ. ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಪ್ಲಗ್ ರಂಧ್ರದಿಂದ ಬ್ಯುರೆಟ್ಟಿನಲ್ಲಿ ಸೀಮೆಎಣ್ಣೆ ಬೆರೆಸಿದ ಆಯಿಲ್ ಬಿಡಿ, ಪ್ಲಗ್ ಮರೆಯ ಕೆಳಗಿನ ಸುತ್ತಿನವರೆಗೆ. 9 ಸಿಸಿ ಹಿಡಿದರೆ ಅನುಪಾತ 12:1. 91 ಆಕ್ಟೇನ್ ಪೆಟ್ರೋಲಿಗೆ, ಗಾಳಿಯಲ್ಲಿ ತಣಿಯುವ ಈ ಹೆಡ್ಡಿಗೆ, ಅದಕ್ಕಿಂತ ಮೇಲೆ ಹೋಗಬೇಡಿ ಎನ್ನುವುದು ನಮ್ಮ ಮಾತು. 95 ಅಥವಾ 100 ಆಕ್ಟೇನ್ ಸಿಕ್ಕಿದರೆ ಅದನ್ನು ಕಂಪ್ರೆಷನ್ ಏರಿಸಲು ಖರ್ಚು ಮಾಡದೆ ರಕ್ಷಣೆಗೆ ಉಳಿಸಿಕೊಳ್ಳಿ.

ಸ್ಕ್ವಿಶ್ ಅಂತರ (ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಅದರ ಅಂಚಿಗೂ ಹೆಡ್ಡಿಗೂ ನಡುವಿನ ಜಾಗ) ಅಳೆಯಲು 1.6 ಮಿ.ಮೀ ಸೋಲ್ಡರ್ ತಂತಿಯನ್ನು ಪ್ಲಗ್ ರಂಧ್ರದಿಂದ ಪಿನ್ನಿನ ನೇರಕ್ಕೆ ಗೋಡೆ ತಾಗುವಂತೆ ಇಟ್ಟು, ಕಿಕ್ಕರನ್ನು ಕೈಯಲ್ಲಿ ನಿಧಾನ ಒತ್ತಿ ಒಮ್ಮೆ ದಾಟಿಸಿ. ಜಜ್ಜಿದ ತುದಿ 1.0 ಮಿ.ಮೀ ಬರಬೇಕು. 1.5 ಬಂದರೆ ಅಂಚಿನ ಮಿಶ್ರಣ ತಣಿಯದೆ ನಾಕಿಂಗಿಗೆ ಸಿದ್ಧವಾಗುತ್ತದೆ. 0.8ಕ್ಕಿಂತ ಕೆಳಗಿಳಿದರೆ ಹೆಚ್ಚು ಆರ್‌ಪಿಎಂನಲ್ಲಿ ಪಿಸ್ಟನ್ ಹೆಡ್ಡಿಗೆ ತಾಗುವ ಭಯ. ಎಡ ಬಲ ಎರಡೂ ಬದಿಯ ಅಳತೆ ಒಂದೇ ಬರದಿದ್ದರೆ ಹೆಡ್ ಅಥವಾ ಬ್ಲಾಕಿನ ಮೈ ಸೊಟ್ಟಗಿದೆ, ಇಲ್ಲವೇ ರಾಡ್ ಬಾಗಿದೆ.

ಎಣ್ಣೆ: ಕಂಪನಿಯ ಆಯಿಲ್ ಪಂಪನ್ನು ರೂಪಿಸಿದ್ದು 7,500 ಆರ್‌ಪಿಎಂನ ಎಂಜಿನ್ನಿಗೆ. ಡ್ರ್ಯಾಗಿಗೆ ಪೆಟ್ರೋಲಿನಲ್ಲೇ ಬೆರೆಸುವುದು ಲೇಸು: ಒಳ್ಳೆಯ ಸಿಂಥೆಟಿಕ್ 2ಟಿ, ಲೀಟರಿಗೆ 40 ಮಿ.ಲೀ, ಅಂದರೆ 25:1. ಮೊದಲು 25 ಮಿ.ಲೀ ಹಾಕುತ್ತಿದ್ದವರು 40ಕ್ಕೆ ಏರಿಸಿದಾಗ ಅಷ್ಟು ಪೆಟ್ರೋಲಿನ ಜಾಗವನ್ನು ಎಣ್ಣೆ ತಿನ್ನುತ್ತದೆ, ಮಿಶ್ರಣ ಶೇ. 1.5ರಷ್ಟು ತೆಳುವಾಗುತ್ತದೆ. ಎಣ್ಣೆ ಹೆಚ್ಚಿಸಿದರೆ ಸಾಕು ಎಂದು ಜೆಟ್ ಮರೆಯಬೇಡಿ. ಬೆರೆಸಿದ ಇ20ಯನ್ನು ತಿಂಗಳುಗಟ್ಟಲೆ ಕ್ಯಾನಿನಲ್ಲಿ ಇಡಬಾರದು, ಎಥನಾಲ್ ತೇವ ಎಳೆದುಕೊಂಡು ತಳದಲ್ಲಿ ನೀರಾಗಿ ಬೇರ್ಪಡುತ್ತದೆ.

ಮೊದಲ ಸ್ಟಾರ್ಟಿನಿಂದ ಮೊದಲ ಓಟದವರೆಗೆ

ಜೋಡಿಸಿದಮೇಲೆ ಲೀಕ್ ಪರೀಕ್ಷೆಯನ್ನು ಮತ್ತೆ ಮಾಡಿ, ಪಿಸ್ಟನ್ ಕೆಳತುದಿಯಲ್ಲಿರಲಿ. ಹೊಸ ಎಂಜಿನ್ 300 ಅಂಕವನ್ನು ಅಲುಗಾಡದೆ ಹಿಡಿಯಬೇಕು. ಹಿಡಿಯದಿದ್ದರೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ.

ಮೇನ್ ಜೆಟ್ ಲೆಕ್ಕಕ್ಕಿಂತ ಎರಡು ನಂಬರ್ ದೊಡ್ಡದಿಂದ ಆರಂಭಿಸಿ. ಐಡಲಿಂಗಿನಲ್ಲಿ ಫಿನ್ನುಗಳು ಕೈ ಇಡಲಾರದಷ್ಟು ಬಿಸಿಯಾದಾಗ ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಮೂರು ಸಲ. ತಣ್ಣಗಿರುವಾಗ ಹೆಡ್ ನಟ್ಟುಗಳನ್ನು ಎದುರುಬದುರಾಗಿ ಟಾರ್ಕ್ ರೆಂಚಿನಲ್ಲಿ ಮತ್ತೆ ನೋಡಿ. ಆಮೇಲೆ ಅರ್ಧ ಥ್ರಾಟಲಿನೊಳಗೆ, ಏರಿಸಿ ಇಳಿಸುತ್ತಾ ಓಡಿಸಿ. ಒಂದೇ ವೇಗದಲ್ಲಿ ಎಳೆಯಬೇಡಿ.

ಟ್ರ್ಯಾಕಿನಲ್ಲಿ ಮೊದಲ ಓಟ 201 ಮೀಟರಿಗೆ ನಿಲ್ಲಲಿ. ಪೂರ್ತಿ ಥ್ರಾಟಲಿನಲ್ಲಿರುವಾಗಲೇ ಕಿಲ್ ಸ್ವಿಚ್ ಒತ್ತಿ, ಕ್ಲಚ್ ಹಿಡಿದು ಉರುಳಿಸಿಕೊಂಡು ಬಂದು ಪ್ಲಗ್ ತೆಗೆಯಿರಿ. ಪಿಂಗಾಣಿಯ ಬುಡದಲ್ಲಿ, ಅಂದರೆ ಲೋಹದ ಕವಚದೊಳಗೆ ಆಳದಲ್ಲಿ, ಕಾಫಿ ಬಣ್ಣದ ಉಂಗುರ ಕಾಣಬೇಕು. ಉಂಗುರವೇ ಇಲ್ಲದೆ ಬೆಳ್ಳಗಿದ್ದರೆ ಜೆಟ್ ಏರಿಸಿ. ಕಪ್ಪಾಗಿ ಒದ್ದೆಯಿದ್ದರೆ ಒಂದೊಂದೇ ನಂಬರ್ ಇಳಿಸಿ, ಪ್ರತಿ ಸಲ ಹೊಸ ಪ್ಲಗ್ ಹಾಕಿ. ಸೈಲೆನ್ಸರ್ ತೆಗೆದು ಟಾರ್ಚ್ ಬಿಟ್ಟು ಎಕ್ಸಾಸ್ಟ್ ಪೋರ್ಟಿನಿಂದ ಪಿಸ್ಟನ್ ಮೈ ನೋಡುವುದನ್ನು ಪ್ರತಿ ಮೂರನೇ ಓಟಕ್ಕೆ ರೂಢಿಸಿಕೊಳ್ಳಿ. ಅಲ್ಲಿ ಸಣ್ಣ ಗೆರೆ ಎದ್ದರೆ ಅಂದಿನ ಓಟ ಅಲ್ಲಿಗೇ ನಿಲ್ಲಬೇಕು, ಜೆಟ್ಟಿನ ಲೆಕ್ಕ ಮತ್ತೆ ಶುರುವಾಗಬೇಕು.

ಇನ್ನು ಗೆರೆ ದಾಟಿದಮೇಲಿನ ಸೀಜ್. ಟೂ-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೆ. 402 ಮೀಟರಿನ ಗೆರೆ ದಾಟಿ ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಿಟ್ಟರೆ ಪಿಸ್ಟನ್ ಹತ್ತು ಸಾವಿರ ಆರ್‌ಪಿಎಂನಲ್ಲಿ ಎಣ್ಣೆಯಿಲ್ಲದೆ ಓಡುತ್ತದೆ, ಅದೂ ಅತಿ ಬಿಸಿಯಾಗಿರುವ ಹೊತ್ತಿನಲ್ಲಿ. ಗೆರೆ ದಾಟಿದ ಕೂಡಲೇ ಕ್ಲಚ್ ಹಿಡಿಯಿರಿ, ಥ್ರಾಟಲ್ ಮುಚ್ಚಿ, ಎಂಜಿನ್ ವೇಗ ಇಳಿಯುತ್ತಿರುವಾಗ ಒಂದೆರಡು ಸಲ ಚೂರೇ ಥ್ರಾಟಲ್ ಕೊಟ್ಟು ಬಿಡಿ. ಬ್ರೇಕ್ ಹಾಕಿ ನಿಲ್ಲಿಸುವ ಕೆಲಸ ಬ್ರೇಕಿನದು, ಎಂಜಿನ್ನಿನದಲ್ಲ. ಕ್ಲಚ್ ಹಿಡಿದು ಇಳಿಯುವ ಈ ಕ್ರಮವನ್ನು ಸವಾರ ಸ್ಟಾರ್ಟಿಂಗ್ ಅಭ್ಯಾಸ ಮಾಡಿದಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡಬೇಕು.